ಮಾರೇನಹಳ್ಳಿಗೆ ಆಗರ್ಸ್ ವೆಲ್ ಬಂದದ್ದು

ಮಾರೇನಹಳ್ಳಿಯ ಏಳನೇ ಅಡ್ಡರಸ್ತೆಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ಬೆಟ್ಟಯ್ಯನ ಮನೆಗೆ ಹೋಗಿಯೇ ಬರಬೇಕಿತ್ತು. ತಂತಿ ಬಂದರೆ ಸತ್ತವರು ಯಾರೆಂದು ಹೇಳುವವನು ಅವನೇ. ಯಾರೂ ಸಾಯದಿದ್ದರೆ ಮತ್ತೇಕೆ ತಂತಿ ಕೊಟ್ಟರೆಂದು ವಿವರಿಸುವವನೂ ಅವನೇ. ರಾಜಾಜಿನಗರದಲ್ಲಿ ನಟ್ಟು ಬೋಲ್ಟು ಮಾಡುವ ಒಂದು ಕಾರ್ಖಾನೆಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಡೆಸ್ಪ್ಯಾಚ್ ಗುಮಾಸ್ತ. ದಿನಕ್ಕೆ ನಲವತ್ತು ಸಲ ‘ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್ ಹಿಯರ್‌ವಿತ್’ ಎಂದು ಬರೆಯುವವನಿಗೆ ಬಾರದ ಇಂಗ್ಲಿಷ್ ಯಾವುದಿರುತ್ತದೆ ಎಂಬುದು ಬೀದಿಯವರ ನಂಬಿಕೆ. ಹತ್ತೊಂಬತ್ತು ವರ್ಷ ಸುತ್ತಲಿನವರೆಲ್ಲ ಒಂದೇ ಮಾತು ಹೇಳುತ್ತಿದ್ದರೆ ಎಂಥವನಾದರೂ ಒಪ್ಪಿಕೊಳ್ಳುತ್ತಾನೆ. ಬೆಟ್ಟಯ್ಯನೂ ಒಪ್ಪಿಕೊಂಡಿದ್ದ.

ಹಾಗೆ ನೋಡಿದರೆ ಅವನು ಬಹಳ ಒಳ್ಳೆಯ ಮನುಷ್ಯ. ಅವನಲ್ಲಿದ್ದ ದೋಷ ಒಂದೇ ಒಂದು. ‘ನನಗೆ ಗೊತ್ತಿಲ್ಲ’ ಎಂಬ ಎರಡು ಪದ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಬರಿಸಲು ಪ್ರಯತ್ನಪಟ್ಟರೆ ಗಂಟಲಲ್ಲಿ ಕೆಮ್ಮಾಗಿ, ಆಮೇಲೆ ಬೇರೆ ಏನೋ ಆಗಿ ಹೊರಗೆ ಬರುತ್ತಿತ್ತು.

ಎಂಬತ್ತಮೂರರ ಬೇಸಿಗೆಯಲ್ಲಿ ಏಳನೇ ಅಡ್ಡರಸ್ತೆಯ ಕೊಳಾಯಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು; ಏಪ್ರಿಲ್ ಹೊತ್ತಿಗೆ ಅದು ಗಾಳಿ ಮಾತ್ರ ಬಿಡತೊಡಗಿತು. ಬೆಳಗಿನ ಜಾವ ನಾಲ್ಕಕ್ಕೇ ಕೊಡಗಳು ಸಾಲಾಗಿ ನಿಲ್ಲುತ್ತಿದ್ದವು. ಆ ಸಾಲಿನ ಒಡತಿ ಮುನಿತಾಯಮ್ಮ, ಬೀದಿಯ ತುದಿಯಲ್ಲಿ ಸೊಪ್ಪಿನ ಅಂಗಡಿ ಇಟ್ಟವಳು. ಯಾರ ಕೊಡ ಯಾರ ಹಿಂದೆ ಎಂಬುದು ಅವಳ ನಾಲಿಗೆಯ ಮೇಲಿತ್ತು. ಅವಳು ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಆದರೆ ಬಾರದ ನೀರನ್ನು ಅವಳೂ ಬರಿಸಲಾರಳು. ಹೀಗಾಗಿ ಒಂದು ಭಾನುವಾರ ಬೀದಿಯವರೆಲ್ಲ ಸೇರಿ ನೀರಿನ ಕಚೇರಿಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದರು. ಅರ್ಜಿ ಬರೆದವನು ಬೆಟ್ಟಯ್ಯ. ಅದರಲ್ಲಿ ‘ಮೋಸ್ಟ್ ರೆಸ್ಪೆಕ್ಟ್‌ಫುಲಿ’ ಮೂರು ಸಲ ಬಂದಿತ್ತು. ಕೊಳವೆ ಹಾಕುವುದಾದರೆ ಕಾಲುವೆಯನ್ನು ನಾವೇ ಅಗೆದು ಕೊಡುತ್ತೇವೆ ಎಂದು ಕೊನೆಯಲ್ಲಿ ಸೇರಿಸಿತ್ತು. ಕೆಳಗೆ ಅರವತ್ತೊಂದು ಸಹಿ, ಅದರಲ್ಲಿ ಇಪ್ಪತ್ತೆರಡು ಹೆಬ್ಬೆಟ್ಟು.

ಮೂರು ವಾರದ ಮೇಲೆ ಉತ್ತರ ಬಂತು. ಸರ್ಕಾರಿ ಲಕೋಟೆ, ಮೇಲೆ ಮೊಹರು. ಅದನ್ನು ಒಡೆದು ಓದುವ ಕಾರ್ಯಕ್ರಮ ಸಂಜೆ ದೊಡ್ಡಹನುಮಯ್ಯನವರ ಜಗಲಿಯ ಮೇಲೆ ನಡೆಯಿತು. ದೊಡ್ಡಹನುಮಯ್ಯನವರು ಆ ಊರು ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ಬಡಾವಣೆ ಬಂದು ಹೊಲವೆಲ್ಲ ಸೈಟುಗಳಾದ ಮೇಲೆ ಅವರಿಗೆ ಉಳಿದದ್ದು ಹೆಂಚಿನ ಮನೆ, ಈ ಜಗಲಿ, ಪಕ್ಕದಲ್ಲೊಂದು ಕೊಟ್ಟಿಗೆ, ಕೊಟ್ಟಿಗೆಯೊಳಗೆ ಕೆಂದಿ ಎಂಬ ಒಂದು ಹಸು. ಬೀದಿಗೆ ಹಿರಿಯರು ಅವರೇ, ಎಲ್ಲರ ಬಾಯಲ್ಲೂ ಗೌಡರು.

ಬೆಟ್ಟಯ್ಯ ಕನ್ನಡಕ ಏರಿಸಿ ಕಾಗದ ಬಿಡಿಸಿದ. ಬರೀ ಮೂರು ವಾಕ್ಯ. ಅರ್ಜಿ ತಲುಪಿದೆ ಎಂದು ಮೊದಲನೆಯದು. ಅರ್ಜಿ ‘ರಿಸೀವಿಂಗ್ ಅಟೆನ್ಷನ್’ ಎಂದು ಎರಡನೆಯದು. ಈ ಮಾತನ್ನು ಬೆಟ್ಟಯ್ಯ ಕಾರ್ಖಾನೆಯಲ್ಲಿ ಬೇಕಾದಷ್ಟು ನೋಡಿದ್ದ. ಏನೂ ಮಾಡುವುದಿಲ್ಲ ಎಂಬುದನ್ನು ಮರ್ಯಾದಸ್ಥರು ಹೇಳುವ ರೀತಿ ಅದು. ಕಾಗದದಿಂದ ಕಣ್ಣೆತ್ತಿದರೆ ನಲವತ್ತು ಮುಖಗಳು. ಮತ್ತೆ ಕಣ್ಣು ಇಳಿಸಿ ಮೂರನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದ:

“ದಿ ಕೋಆಪರೇಷನ್ ಶೋನ್ ಬೈ ದಿ ರೆಸಿಡೆಂಟ್ಸ್ ಆಗರ್ಸ್ ವೆಲ್ ಫಾರ್ ದಿ ಲೊಕ್ಯಾಲಿಟಿ.”

ಆಮೇಲೆ ದೊಡ್ಡಹನುಮಯ್ಯನವರು ಮೆಲ್ಲಗೆ ಕೇಳಿದರು: “ಕೊನೇಲಿ ವೆಲ್ ಅಂದಂಗಾಯ್ತು. ವೆಲ್ ಅಂದ್ರೆ ಬಾವಿ ಅಲ್ವಾ, ಬೆಟ್ಟಯ್ಯನೋರೆ?” ಜಮೀನು ಹೋದಾಗ ಸರ್ವೆಯವರು ಅವರ ಬಾವಿಯನ್ನು ಓಪನ್ ವೆಲ್ ಎಂದು ಬರೆದುಕೊಂಡಿದ್ದರು. ಅವರಿಗಿದ್ದ ಇಂಗ್ಲಿಷ್ ಅಷ್ಟೇ, ಅದೂ ಬಾವಿ ಮುಚ್ಚಿಹೋದದ್ದರಿಂದ ಉಳಿದದ್ದು.

ಬಾವಿಯೇ ಎಂದ ಬೆಟ್ಟಯ್ಯ. ಅದರಲ್ಲಿ ತಪ್ಪೇನಿರಲಿಲ್ಲ.

“ಆಗರ್ಸ್ ಅಂದ್ರೆ?” ಎಂದಳು ಮುನಿತಾಯಮ್ಮ.

ಬೆಟ್ಟಯ್ಯ ಆ ಪದವನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ತೆರೆದ. ಕೆಮ್ಮು ಬಂತು. ಕೆಮ್ಮುತ್ತಿರುವಾಗಲೇ ಅವನಿಗೆ ಕಾರ್ಖಾನೆಯ ಉಗ್ರಾಣ ಕಣ್ಣ ಮುಂದೆ ನಿಂತಿತು. ಅಲ್ಲಿ ಮರ ಕೊರೆಯುವ ತಿರುಪಿನಂಥ ಒಂದು ಉದ್ದ ಸಾಮಾನಿತ್ತು. ಅದನ್ನು ಆಗರ್ ಎನ್ನುತ್ತಿದ್ದರು. ಅದಕ್ಕೂ ಇದಕ್ಕೂ ಕಾಗುಣಿತದಲ್ಲಿ ಒಂದಕ್ಷರ ವ್ಯತ್ಯಾಸವಿದೆ ಎಂಬುದನ್ನು ಅವನು ಗಮನಿಸದೆ ಇರಲಿಲ್ಲ. ಟೈಪು ಮಾಡಿದವರ ತಪ್ಪು ಎಂದುಕೊಂಡು ಅವರನ್ನು ಅಲ್ಲಿಯೇ ಕ್ಷಮಿಸಿಬಿಟ್ಟ.

“ಅದು ಬಾವೀಲಿ ಒಂದು ಜಾತಿ ಕಣಮ್ಮ. ತಿರುಪಿನ ಥರ ಕೊರ್ಕೊಂಡು ಹೋಗೋದು. ಸಾಮಾನ್ಯ ಬೋರ್‌ವೆಲ್ ಅಲ್ಲ ಇದು. ನಮ್ಮ ಲೊಕ್ಯಾಲಿಟಿಗೆ ಅಂತ ಹೆಸರು ಹಾಕಿ ಬರೆದಿದಾರೆ ನೋಡಿ.”

ಆ ಕಾಗದ ಕೈಯಿಂದ ಕೈಗೆ ಹೋಯಿತು. ಓದಲು ಬಾರದವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬರುವವರಿಗಿಂತ ಹೆಚ್ಚು ಹೊತ್ತು ನೋಡಿದರು. ಮುನಿತಾಯಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಸೆರಗಿನ ಗಂಟಿನಿಂದ ಕುಂಕುಮ ತೆಗೆದು, ಸಹಿ ಎಲ್ಲಿತ್ತೋ ಅಲ್ಲಿಗೇ ಹಚ್ಚಿದಳು.

ಮರುದಿನದ ಹೊತ್ತಿಗೆ ಸುದ್ದಿ ವಿಜಯನಗರದ ಮಾರುಕಟ್ಟೆ ಮುಟ್ಟಿತ್ತು. ಹೋದಂತೆಲ್ಲ ಬಾವಿ ಆಳವಾಗುತ್ತಾ ಹೋಯಿತು. ಕ್ಷೌರದ ಅಂಗಡಿಯಲ್ಲಿ ಅದು ಐನೂರು ಅಡಿ ಇತ್ತು, ಹೋಟೆಲಿನಲ್ಲಿ ಸಾವಿರ ಅಡಿ. ಜರ್ಮನಿಯಿಂದ ಹಡಗಿನಲ್ಲಿ ಬರುವ ಯಂತ್ರವೆಂದೂ, ಇಡೀ ದೇಶದಲ್ಲಿ ಇದು ನಾಲ್ಕನೆಯದೆಂದೂ ಬೆಟ್ಟಯ್ಯನಿಗೇ ಬಂದು ಹೇಳಿದವರಿದ್ದರು. ಅವನು ಇಲ್ಲವೆನ್ನಲಿಲ್ಲ. ಇಷ್ಟು ಜನ ಹೇಳುವಾಗ ತನಗಿಂತ ಅವರಿಗೇ ಹೆಚ್ಚು ಗೊತ್ತಿರಬಹುದೆಂಬ ಗೌರವದಿಂದ ಕೇಳಿಸಿಕೊಂಡ.

ಇನ್ನು ಬಾವಿ ಎಲ್ಲಿ ಎಂಬ ಪ್ರಶ್ನೆ. ಅದು ತನ್ನ ಮನೆಯ ಮುಂದೆಯೇ ಆಗಬೇಕೆಂದು ಬೀದಿಯ ಅರ್ಧ ಜನ, ತನ್ನ ಮನೆಯ ಮುಂದೆ ಮಾತ್ರ ಬೇಡ, ಕೆಸರಾಗುತ್ತದೆ ಎಂದು ಇನ್ನರ್ಧ ಜನ. ನಾಲ್ಕು ದಿನ ಜಗಳವಾಯಿತು. ಎರಡು ಮನೆಗಳ ನಡುವೆ ಮಾತು ನಿಂತಿತು. ಐದನೆಯ ದಿನ ದೊಡ್ಡಹನುಮಯ್ಯನವರು ಜಗಲಿಯಿಂದ ಎದ್ದು ಬಂದು, ನನ್ನ ಕೊಟ್ಟಿಗೆ ಇರುವ ಜಾಗ ತಗೊಳ್ಳಿ ಎಂದರು. ಕೆಂದಿ ಮಲಗುವ ಮೂಲೆಯಲ್ಲಿ ನೆಲ ಎಂಥ ಬಿಸಿಲಿಗೂ ತಂಪಾಗಿರುತ್ತದೆ, ಅವಳು ಬೇರೆ ಕಡೆ ಮಲಗುವುದೇ ಇಲ್ಲ, ಅದರ ಕೆಳಗೆ ನೀರಿದ್ದೀತು ಎಂಬುದು ಅವರ ಲೆಕ್ಕಾಚಾರ.

ಆ ಭಾನುವಾರ ಕೊಟ್ಟಿಗೆ ಬಿಚ್ಚಿದರು. ಹೆಂಚು ಇಳಿಸಿ ಗೋಡೆಗೆ ಒರಗಿಸಿದರು. ಕಂಬಗಳನ್ನು ಕೀಳುವಾಗ ಮಾತ್ರ ದೊಡ್ಡಹನುಮಯ್ಯನವರು ಒಳಗೆ ಹೋದರು. ಅವರ ಅಪ್ಪ ನಿಲ್ಲಿಸಿದ ಕಂಬಗಳು ಅವು. ಕೆಂದಿಯನ್ನು ಕಟ್ಟಲು ನೆರಳಿದ್ದ ಜಾಗ ಬೀದಿಯಲ್ಲೆಲ್ಲ ಒಂದೇ, ಬೆಟ್ಟಯ್ಯನ ಗೇಟಿನ ಮುಂದಿನ ಹೊಂಗೆ ಮರ. ಅಂದಿನಿಂದ ಬೆಟ್ಟಯ್ಯ ಕಾರ್ಖಾನೆಗೆ ಹೊರಡುವಾಗಲೂ ಬರುವಾಗಲೂ ಕೆಂದಿ ತಲೆಯೆತ್ತಿ ಅವನನ್ನು ನೋಡುತ್ತಿತ್ತು.

ಜಾಗ ಸಿದ್ಧವಾದ ಮೇಲೆ ಕಚೇರಿಗೆ ಕೃತಜ್ಞತೆ ಸಲ್ಲಿಸಬೇಡವೇ. ಬೆಟ್ಟಯ್ಯ ಅದನ್ನೂ ಬರೆದ. ನಮ್ಮ ಲೊಕ್ಯಾಲಿಟಿಗೆ ಮಂಜೂರಾದ ಆಗರ್ಸ್ ವೆಲ್‌ಗಾಗಿ ಅರವತ್ತೊಂದು ಮನೆಯವರ ವಂದನೆಗಳು, ಕೊಟ್ಟಿಗೆ ಕಿತ್ತು ಸ್ಥಳವನ್ನು ತೆರವು ಮಾಡಿಕೊಟ್ಟಿದ್ದೇವೆ, ದಯವಿಟ್ಟು ಇನಾಗುರೇಷನ್ನಿನ ದಿನಾಂಕ ತಿಳಿಸುವುದು ಎಂದು ಬರೆದು ಅಂಚೆಗೆ ಹಾಕಿ ಬಂದ. ಬಂದು ನಕಲು ಪ್ರತಿಯನ್ನು ಮತ್ತೊಮ್ಮೆ ಓದುತ್ತಿರುವಾಗ ಇನಾಗುರೇಷನ್ ಎಂಬ ಪದದ ಮೇಲೆ ಅವನ ಕಣ್ಣು ನಿಂತುಬಿಟ್ಟಿತು. ಅದರ ಹೊಟ್ಟೆಯೊಳಗೆ, ಅದೇ ಐದಕ್ಷರ, ಅದೇ ಕಾಗುಣಿತ, ಆಗರ್ ಕೂತಿತ್ತು. ಅಡುಗೆಮನೆಯಲ್ಲಿ ರಾಗಿ ಮುದ್ದೆ ಕೂಡಿಸುತ್ತಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಓಡಿಹೋಗಿ ತೋರಿಸಿದ. ನಿನಗೆ ಗೊತ್ತೇನೇ, ದೊಡ್ಡ ದೊಡ್ಡವರು ಬಂದು ಟೇಪು ಕತ್ತರಿಸುತ್ತಾರಲ್ಲ, ಅದರೊಳಗೂ ಇದೇ ಇದೆ ಎಂದ.

ಚಿಕ್ಕಲಕ್ಷ್ಮಮ್ಮ ಕೋಲು ನಿಲ್ಲಿಸದೆ ಕೇಳಿದಳು: “ಹಾಗಾದ್ರೆ ಟೇಪು ಕತ್ತರಿಸೋವಾಗ ಬಾವಿ ತೋಡ್ತಾರೇನ್ರೀ?”

ಆಗ ಬೆಟ್ಟಯ್ಯನಿಗೆ ಮೊದಲ ಸಲ ಭಯವಾಯಿತು. ಕಾಗುಣಿತ ಸರಿಯಾಗಿದೆ ಎಂದರೆ ಟೈಪಿಸ್ಟು ತಪ್ಪು ಮಾಡಿಲ್ಲ. ಟೈಪಿಸ್ಟು ತಪ್ಪು ಮಾಡಿಲ್ಲ ಎಂದರೆ ಅದು ಉಗ್ರಾಣದ ತಿರುಪಲ್ಲ. ಹಾಗಾದರೆ ಅದೇನು? ಅವನ ಹತ್ತಿರ ಒಂದು ಪುಟ್ಟ ಡಿಕ್ಷನರಿ ಇತ್ತು. ಅದರ ಮೊದಲ ಹಾಳೆಗಳು ಎಂದೋ ಉದುರಿಹೋಗಿ ಈಗ ಅದು ಶುರುವಾಗುತ್ತಿದ್ದದ್ದು ‘ಬ್ಯಾಂಡೇಜ್’ನಿಂದ.

ಬಸವೇಶ್ವರನಗರದಲ್ಲಿ ಪಾಪಮ್ಮ ಟೀಚರ್ ಎಂಬವರಿದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಇಟ್ಟಿಗೆ ಗಾತ್ರದ ಡಿಕ್ಷನರಿಯೊಂದು ಪುರಾಣದ ಪುಸ್ತಕದ ಹಾಗೆ ವ್ಯಾಸಪೀಠದ ಮೇಲೆ ಸದಾ ತೆರೆದಿರುತ್ತಿತ್ತು. ಬೆಟ್ಟಯ್ಯ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ, ತನ್ನ ಸ್ನೇಹಿತನೊಬ್ಬನಿಗೆ ಒಂದು ಪದದ ವಿಷಯದಲ್ಲಿ ಸಂಶಯ ಬಂದಿದೆ ಎಂದ. ಟೀಚರ್ ಪದ ಕೇಳಿದವರೇ ಮುಖವರಳಿಸಿ ಎದ್ದು ಕೂತರು. ಯಾರೂ ಬಂದು ಇಂಥ ಪದ ಕೇಳಿ ವರ್ಷಗಳಾಗಿದ್ದವಂತೆ.

ಅದು ಕ್ರಿಯಾಪದ ಎಂದರು. ಮುಂದೆ ಬರುವುದನ್ನು ಇಂದೇ ತೋರಿಸುವುದು, ಶಕುನವಾಗುವುದು. ರಾಗಿ ಬಿತ್ತಿದ ವಾರವೇ ಹದವಾಗಿ ಮಳೆ ಬಿತ್ತು ಅನ್ನಿ, ಅದು ಬೆಳೆಗೆ ‘ಆಗರ್ಸ್ ವೆಲ್’. ಮದುವೆಗೆ ಮುಂಚೆಯೇ ಬೀಗರು ಜಗಳ ತೆಗೆದರು ಅನ್ನಿ, ಅದು ‘ಆಗರ್ಸ್ ಇಲ್’. ಯಾವುದಕ್ಕೆ ಶಕುನವೋ ಅದರ ಹಿಂದೆ ‘ಫಾರ್’ ಬರುತ್ತದೆ. ಮನುಷ್ಯರಿಗಿಂತ ಸಂಗತಿಗಳೇ ಈ ಕೆಲಸ ಹೆಚ್ಚಾಗಿ ಮಾಡುವುದು. ಹೀಗೆ ಟೀಚರ್ ಸೀಮೆಸುಣ್ಣವಿಲ್ಲದ ಕೈಯಿಂದ ಗಾಳಿಯಲ್ಲಿ ಬರೆಯುತ್ತಾ ಹೇಳಿದರು. ಹಿಂದೆ ರೋಮ್ ಎಂಬ ರಾಜ್ಯದಲ್ಲಿ ಇದೇ ಹೆಸರಿನ ಪೂಜಾರಿಗಳಿದ್ದರಂತೆ. ಬೆಟ್ಟದ ಮೇಲೆ ಕೂತು ಆಕಾಶ ನೋಡುವುದೇ ಅವರ ಉದ್ಯೋಗ. ಹಕ್ಕಿ ಯಾವ ಕಡೆಯಿಂದ ಯಾವ ಕಡೆಗೆ ಹಾರಿತೆಂದು ನೋಡಿ ಅವರು ಹೂಂ ಎಂದರೆ ಯುದ್ಧ, ಊಹೂಂ ಎಂದರೆ ಸೈನ್ಯವೆಲ್ಲ ಮನೆಗೆ. ಅವರು ಒಪ್ಪದೆ ಅಲ್ಲಿ ಒಬ್ಬ ರಾಜನೂ ಪೀಠ ಏರುವಂತಿರಲಿಲ್ಲ. ಇನಾಗುರೇಷನ್ ಎಂಬುದು ಬಂದದ್ದು ಅಲ್ಲಿಂದ.

ಬೆಟ್ಟಯ್ಯ ಬಾಯಿ ತೆರೆದು ಕೇಳುತ್ತಿದ್ದ. ಬುಡುಬುಡಿಕೆಯವನು ಬೀದಿ ಬೀದಿಯಲ್ಲಿ ಹೇಳಿಕೊಂಡು ತಿರುಗುವುದನ್ನೆಲ್ಲ ಐದಕ್ಷರದೊಳಗೆ ತುಂಬಿಟ್ಟಿದ್ದಾರಲ್ಲ ಎಂದು ಅವನಿಗೆ ರೋಮಾಂಚನವಾಯಿತು. ಹತ್ತು ನಿಮಿಷ ತನ್ನ ಕಷ್ಟವೇ ಮರೆತುಹೋಗಿತ್ತು. ಆಮೇಲೆ ನೆನಪಾಗಿ, ಹಾಗಾದರೆ ಅದರ ಪಕ್ಕದ ವೆಲ್ ಬಾವಿಯೇ ತಾನೇ ಎಂದು ಸಣ್ಣ ದನಿಯಲ್ಲಿ ಕೇಳಿದ.

“ಬಾವಿ ಆಗ್ಬೇಕಾದ್ರೆ ಅದರ ಹಿಂದೆ ‘ಎ’ ಇರಬೇಕಲ್ಲಪ್ಪ,” ಎಂದರು ಟೀಚರ್. “ಇಲ್ಲಿ ವೆಲ್ ಅಂದ್ರೆ ಚೆನ್ನಾಗಿ ಅಂತ ಅಷ್ಟೆ. ನಿಮ್ಮ ಸ್ನೇಹಿತರು ಬಾವಿ ಅಂದ್ಕೊಂಡ್ರಾ?”

ನನ್ನ ಸ್ನೇಹಿತ ಅಷ್ಟು ಓದಿದವನಲ್ಲ ಎಂದು ಬೆಟ್ಟಯ್ಯ ಎದ್ದು ಕೈಮುಗಿದ.

ಅವನು ನಡೆದೇ ಮನೆಗೆ ಬಂದ. ದಾರಿಯಲ್ಲಿ ಎರಡು ಹದ್ದುಗಳು ತಲೆಯ ಮೇಲೆ ಎಡದಿಂದ ಬಲಕ್ಕೆ ಹಾರಿದವು. ಅದು ಒಳ್ಳೆಯದೋ ಕೆಟ್ಟದ್ದೋ ಕೇಳಿಕೊಂಡು ಬರುವುದನ್ನು ಮರೆತೆನಲ್ಲ ಎಂದು ಹಳಹಳಿಸಿದ. ಮನೆಯ ಮುಂದೆ ಕೆಂದಿ ತಲೆಯೆತ್ತಿ ನೋಡಿತು. ಅವನು ಗೇಟಿನ ಒಂದು ಬದಿಯಿಂದ ಕಳ್ಳನ ಹಾಗೆ ಒಳಗೆ ನುಸುಳಿ, ಹೆಂಡತಿಗೆ ಎಲ್ಲವನ್ನೂ ಹೇಳಿದ. ಚಿಕ್ಕಲಕ್ಷ್ಮಮ್ಮ ಪೂರ್ತಿ ಕೇಳಿ, ರೋಮಿನವರ ವಿಷಯ ಬಿಟ್ಟು ಉಳಿದದ್ದನ್ನು ಗೌಡರಿಗೆ ಈಗಲೇ ಹೋಗಿ ಹೇಳಿ ಬನ್ನಿ, ಕೊಟ್ಟಿಗೆ ಕಿತ್ತವರು ಅವರು ಎಂದಳು.

ಅವನು ಹೋದ. ಮೂರು ಸಲ ಹೋದ. ಮೊದಲ ಸಲ ದೊಡ್ಡಹನುಮಯ್ಯನವರು ಕಾಫಿ ಕೊಡಿಸಿದರು. ಎರಡನೆಯ ಸಲ ಕೊಟ್ಟಿಗೆಯ ಜಾಗಕ್ಕೆ ಕರೆದುಕೊಂಡು ಹೋಗಿ, ತಾವೇ ಗುಡಿಸಿ ಸಗಣಿ ಸಾರಿಸಿದ್ದ ನೆಲವನ್ನು ತೋರಿಸಿ, ಕೈಯಿಟ್ಟು ತಂಪು ನೋಡಿ ಎಂದರು. ಬೆಟ್ಟಯ್ಯ ಕೈಯಿಟ್ಟ. ತಂಪಾಗಿಯೇ ಇತ್ತು. ಮೂರನೆಯ ಸಲ ಅವರು ಜಗಲಿಯ ಮೇಲೆ ಮಲಗಿ ನಿದ್ದೆ ಹೋಗಿದ್ದರು. ಮಲಗಿದವರನ್ನು ಎಬ್ಬಿಸಿ ಇಂಥದ್ದು ಹೇಳುವುದು ಸರಿಯಲ್ಲವೆಂದು ಸಂತೋಷದಿಂದ ಹಿಂದಿರುಗಿದ.

ಕೊನೆಗೆ ಅವನಿಗೆ ತೋಚಿದ್ದು, ಕಚೇರಿಗೇ ಹೋಗಿ ತಪ್ಪೊಪ್ಪಿಕೊಂಡು ತನ್ನ ಎರಡನೆಯ ಕಾಗದವನ್ನು ವಾಪಸು ತರುವುದು. ಅಂಚೆಗೆ ಹೋದದ್ದನ್ನು ವಾಪಸು ತಂದ ಡೆಸ್ಪ್ಯಾಚ್ ಗುಮಾಸ್ತ ಲೋಕದಲ್ಲಿ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ರಜೆ ಹಾಕಿ ಹೋದ.

ಕಚೇರಿಯಲ್ಲಿ ಅವನನ್ನು ಚನ್ನವೀರಪ್ಪ ಎಂಬ ಎಂಜಿನಿಯರರ ಹತ್ತಿರ ಕಳಿಸಿದರು. ದಪ್ಪ ಕನ್ನಡಕದ, ನಿದ್ದೆಗೆಟ್ಟ ಮುಖದ ಮನುಷ್ಯ. ಏಳನೇ ಅಡ್ಡರಸ್ತೆ ಎಂದ ಕೂಡಲೇ ಅವರು ಎದ್ದು ನಿಂತು ಕುರ್ಚಿ ತೋರಿಸಿದ್ದು ಬೆಟ್ಟಯ್ಯನಿಗೆ ವಿಚಿತ್ರವೆನಿಸಿತು. ಮೇಜಿನ ಮೇಲೆ ನಾಲ್ಕು ಬೆರಳು ದಪ್ಪದ ಫೈಲೊಂದಿತ್ತು. ಮೇಲೆ ಗುಂಡಗೆ ಬರೆದಿತ್ತು: ಆಗರ್ಸ್ ವೆಲ್, ಮಾರೇನಹಳ್ಳಿ.

ಚನ್ನವೀರಪ್ಪನವರು ತಾವಾಗಿಯೇ ವಿಷಯ ಹೇಳಿದರು. ಮೊದಲ ಕಾಗದ ಬರೆದ ಅಧಿಕಾರಿಗೆ ಇಂಗ್ಲಿಷಿನ ಹುಚ್ಚು. ಅದನ್ನು ಬರೆದ ವಾರವೇ ಅವರಿಗೆ ದೂರದ ಊರಿಗೆ ವರ್ಗವಾಯಿತು. ಆಮೇಲೆ ಬೆಟ್ಟಯ್ಯನ ವಂದನೆಯ ಕಾಗದ ಬಂತು. ಆಗರ್ಸ್ ವೆಲ್ ಎಂಬ ಯೋಜನೆ ಯಾವಾಗ ಬಂತು, ಯಾರು ಮಂಜೂರು ಮಾಡಿದರು ಎಂದು ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ಒಬ್ಬರೂ ತಯಾರಿಲ್ಲ. ಕತೆ ಇಲ್ಲಿಗೆ ಬರುವಷ್ಟರಲ್ಲಿ ಬೆಟ್ಟಯ್ಯನಿಗೆ ತನ್ನ ಒಡಹುಟ್ಟಿದವರ ನಡುವೆ ಕೂತಿದ್ದೇನೆ ಎನ್ನಿಸಿತು. ಫೈಲು ಉಗ್ರಾಣಕ್ಕೆ ಹೋಯಿತು. ಉಗ್ರಾಣದವರು ಮೂರು ದಿನ ಹುಡುಕಿ, ಸದರಿ ಮಾದರಿಯ ಬಾವಿ ಸದ್ಯ ದಾಸ್ತಾನಿನಲ್ಲಿಲ್ಲ ಎಂದು ಷರಾ ಬರೆದರು. ಅದರ ಮೇಲೆ ಚನ್ನವೀರಪ್ಪನವರು, ಆಗರ್ಸ್ ವೆಲ್ ಬದಲಿಗೆ ತಾತ್ಕಾಲಿಕವಾಗಿ ಸಾಮಾನ್ಯ ಕೊಳವೆಬಾವಿಯನ್ನು ಪರಿಗಣಿಸಬಹುದು ಎಂದು ಬರೆದರು. ಅದಕ್ಕೆ ಮೇಲಿನವರು ಸಹಿ ಮಾಡಿದರು. ಅವರ ಮೇಲಿನವರೂ ಮಾಡಿದರು.

“ನೀವು ದಯವಿಟ್ಟು ಅಡ್ಜಸ್ಟ್ ಮಾಡ್ಕೋಬೇಕು ಸಾರ್,” ಎಂದರು ಚನ್ನವೀರಪ್ಪನವರು. “ಆಗರ್ಸ್ ವೆಲ್ ಕೊಡೋ ಸ್ಥಿತೀಲಿ ನಾವಿಲ್ಲ.”

ಬೆಟ್ಟಯ್ಯ ಕುರ್ಚಿಯ ತುದಿಗೆ ಸರಿದ. ಕೆಮ್ಮು ಬಂತು, ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ. ಆಮೇಲೆ ಒಂದೇ ಉಸಿರಿಗೆ, ತನಗೆ ಆ ಪದ ಗೊತ್ತಿರಲಿಲ್ಲವೆಂದೂ, ಅದು ಬಾವಿಯಲ್ಲವೆಂದೂ, ನಿಮ್ಮ ಒಗ್ಗಟ್ಟು ಒಳ್ಳೆಯ ಶಕುನ ಎಂದಷ್ಟೇ ಅದರ ಅರ್ಥವೆಂದೂ ಹೇಳಿ ಮುಗಿಸಿದ.

ಚನ್ನವೀರಪ್ಪನವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಹಾಗಾದ್ರೆ ಅದು ಏನು?”

“ಕ್ರಿಯಾಪದ, ಸಾರ್.”

“ಕ್ರಿಯಾಪದ,” ಎಂದು ಅವರು ಫೈಲಿನ ಮೇಲೆ ಕೈಯಿಟ್ಟುಕೊಂಡರು. “ಒಂದು ಕ್ರಿಯಾಪದ ದಾಸ್ತಾನಿನಲ್ಲಿಲ್ಲ ಅಂತ ಸ್ಟೋರ್ಸಿನವರು ಬರೆದುಕೊಟ್ಟಿದಾರೆ. ಅದಕ್ಕೆ ಬದಲಿಯಾಗಿ ಬೋರ್ ಕೊರೀಬೋದು ಅಂತ ಮೂರು ಜನ ಎಂಜಿನಿಯರ್‌ಗಳು ಸಹಿ ಹಾಕಿದೀವಿ. ಇದನ್ನ ನಾನು ಈಗ ಮೇಲೆ ಹೇಳ್ಲಾ?”

ಚನ್ನವೀರಪ್ಪನವರೇ ಮತ್ತೆ ಮಾತಾಡಿದರು. ದನಿ ಈಗ ಬೇರೆಯಾಗಿತ್ತು. ಈ ಬೇಸಿಗೆಗೆಂದು ತರಿಸಿದ ಕೊರೆಯುವ ಲಾರಿ ಹನ್ನೆರಡು ದಿನದಿಂದ ಸುಮ್ಮನೆ ನಿಂತಿದೆಯಂತೆ. ಎಲ್ಲ ಬೀದಿಯವರಿಗೂ ನೀರು ಬೇಕು, ಜಾಗ ಮಾತ್ರ ಪಕ್ಕದವರದ್ದಾಗಬೇಕು. ಹೋದಲ್ಲೆಲ್ಲ ಜಗಳ ಬಿಡಿಸಿ ವಾಪಸು ಬಂದದ್ದೇ ಆಯಿತು. ಸ್ವಂತ ಕೊಟ್ಟಿಗೆ ಕಿತ್ತು ಜಾಗ ಕೊಟ್ಟಿರುವುದು ಈ ಊರಿನಲ್ಲಿ ನಿಮ್ಮ ಬೀದಿ ಒಂದೇ. ಹೀಗಾಗಿ ಕ್ರಿಯಾಪದವಾದರೂ ಆಗಲಿ, ನಾಮಪದವಾದರೂ ಆಗಲಿ, ಮಂಗಳವಾರ ಲಾರಿ ಬರುತ್ತದೆ. ಇನ್ನೂರೈವತ್ತು ಅಡಿಗೆ ಅನುಮತಿ. ಅಷ್ಟರೊಳಗೆ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಮುಚ್ಚಿ ಹೊರಡುವುದು. ನೀರು ಬರಿಸುವುದು ಮಾತ್ರ ಯಾರ ಸಹಿಯಿಂದಲೂ ಆಗುವುದಿಲ್ಲ ಎಂದು ಅವರು ಫೈಲು ಕಟ್ಟಿಟ್ಟರು.

ಮಂಗಳವಾರ ಬೆಳಿಗ್ಗೆ ಚನ್ನವೀರಪ್ಪನವರೊಂದಿಗೆ ಲಾರಿ ಬೀದಿಯೊಳಗೆ ತಿರುಗಿದಾಗ ಏಳನೇ ಅಡ್ಡರಸ್ತೆಯಲ್ಲಿ ಒಲೆ ಹಚ್ಚಿದವರಿಲ್ಲ. ಮನೆ ಮನೆಗೂ ರಂಗೋಲಿ, ತೋರಣ. ಮುನಿತಾಯಮ್ಮ ತೆಂಗಿನಕಾಯಿ ಒಡೆದಳು. ಲಾರಿಯನ್ನು ಸುತ್ತುಹಾಕಿ ನೋಡಿದ ಕೆಲವರು, ಇದು ವಿಜಯನಗರದಲ್ಲಿ ಕೊರೆಯುವಂಥದ್ದೇ ಅಲ್ಲವೇ, ಜರ್ಮನಿಯದೆಲ್ಲಿ ಎಂದು ಕೇಳದೆ ಇರಲಿಲ್ಲ. ಬದಲಿ ವ್ಯವಸ್ಥೆ ಎಂದು ಬೆಟ್ಟಯ್ಯ ಮೆಲ್ಲಗೆ ಹೇಳಿದ. ಸರ್ಕಾರ ಬದಲಿ ಕೊಡುತ್ತಿದೆ ಎಂದರೆ ಅಸಲಿ ಎಷ್ಟು ದೊಡ್ಡದಿರಬೇಕು ಎಂದು ಅವರು ಇನ್ನೂ ಬೆರಗಾದರು.

ಕೊರೆತ ಶುರುವಾಯಿತು. ಕಿವಿ ಕಿತ್ತುಹೋಗುವ ಸದ್ದು, ಬೂದಿಯಂಥ ಧೂಳು. ಅರ್ಧ ಗಂಟೆಯಲ್ಲಿ ಬೀದಿಯವರೆಲ್ಲ ಒಂದೇ ಬಣ್ಣವಾದರು. ಐವತ್ತು ಅಡಿ, ನೂರು ಅಡಿ. ಧೂಳು. ಮುನಿತಾಯಮ್ಮ ಅರವತ್ತೊಂದು ಕೊಡಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಕೊಡಗಳ ಮೇಲೂ ಧೂಳು ಕೂತಿತು. ಮಧ್ಯಾಹ್ನಕ್ಕೆ ನೂರ ಎಂಬತ್ತು. ಮೂರು ಗಂಟೆಯ ಹೊತ್ತಿಗೆ ಇನ್ನೂರ ಇಪ್ಪತ್ತು. ಲಾರಿಯ ಮೇಲಿದ್ದ ತಮಿಳು ಮೇಸ್ತ್ರಿ ಚನ್ನವೀರಪ್ಪನವರ ಕಡೆ ನೋಡಿ, ಬರೀ ಕಲ್ಲು ಎಂಬಂತೆ ಕೈ ತಿರುಗಿಸಿದ. ಅವರು ಗಡಿಯಾರ ನೋಡಿಕೊಂಡರು.

ದೊಡ್ಡಹನುಮಯ್ಯನವರು ತಮ್ಮ ಕೊಟ್ಟಿಗೆಯ ಹೆಂಚಿನ ರಾಶಿಯ ಪಕ್ಕದಲ್ಲಿ ಕಲ್ಲೊಂದರ ಮೇಲೆ ಕೂತಿದ್ದರು. ಬೆಳಗಿನಿಂದ ಎದ್ದಿರಲಿಲ್ಲ. ಸದ್ದಿಗೆ ಹೆದರಿದ ಕೆಂದಿಯನ್ನು ಬಿಚ್ಚಿ ತಂದು ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರು. ಹುಬ್ಬಿನ ಮೇಲೆಲ್ಲ ಬೂದಿ ಕೂತು ಅವರು ಇನ್ನೂ ಹತ್ತು ವರ್ಷ ಮುದುಕರಾಗಿ ಕಾಣುತ್ತಿದ್ದರು. ಬೆಟ್ಟಯ್ಯ ದೂರದಿಂದ ಅವರನ್ನು ನೋಡಿದ. ಆಮೇಲೆ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತ.

“ಗೌಡ್ರೆ, ಆ ಪದ ನನಗೆ ಗೊತ್ತಿರ್ಲಿಲ್ಲ.”

ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಬಗ್ಗಿ ಕಿವಿ ಕೊಟ್ಟರು. ಹತ್ತೊಂಬತ್ತು ವರ್ಷ ಬೀದಿಯಲ್ಲಿ ಒಮ್ಮೆಯೂ ಹೇಳದ ಮಾತನ್ನು ಬೆಟ್ಟಯ್ಯ ಕೂಗಿ ಎರಡನೆಯ ಸಲ ಹೇಳಬೇಕಾಯಿತು. ಬಾವಿ ಕೊಡುತ್ತೇವೆಂದು ಅವರು ಬರೆದೇ ಇರಲಿಲ್ಲ, ಒಳ್ಳೇದಾಗುವ ಲಕ್ಷಣ ಕಾಣುತ್ತಿದೆ ಎಂದಷ್ಟೇ ಬರೆದದ್ದು, ನಾನು ಗೊತ್ತಿದ್ದವನ ಹಾಗೆ ಓದಿ ನಿಮ್ಮ ಕೊಟ್ಟಿಗೆ ತೆಗೆಸಿದೆ ಎಂದ.

ದೊಡ್ಡಹನುಮಯ್ಯನವರು ತಿರುಗಿ ನೋಡಲಿಲ್ಲ. ಕೊರೆಯುವ ಕಡೆಗೇ ಕಣ್ಣಿಟ್ಟು ಕೇಳಿದರು: “ಬೀದಿಯವ್ರಿಗೆ ಹೇಳಿದ್ದೀರಾ?”

“ಇಲ್ಲ.”

“ಈಗ್ಲೇ ಹೇಳ್ಬೇಡಿ. ಆ ಹೆಣ್ಮಕ್ಳ ಮುಖ ನೋಡಿ. ಇನ್ನೂ ಮೂವತ್ತಡಿ ಐತೆ.”

ಬೆಟ್ಟಯ್ಯನಿಗೆ ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಸದ್ದು ಬದಲಾದದ್ದನ್ನು ಮೊದಲು ಕಂಡುಕೊಂಡದ್ದು ಕೆಂದಿ. ಅದು ಕಿವಿ ನಿಮಿರಿಸಿ ಎರಡು ಹೆಜ್ಜೆ ಮುಂದೆ ಹೋಗಿ ಹಗ್ಗ ಎಳೆಯಿತು. ಕಲ್ಲಿನ ಕರಕರ ನಿಂತು ಒಳಗೆಲ್ಲೋ ಯಾರೋ ಗಂಟಲು ಸರಿಪಡಿಸಿಕೊಂಡಂಥ ಸದ್ದು ಬಂತು. ಮೇಲೇಳುತ್ತಿದ್ದ ಧೂಳು ಏಳದೆ ತೊಪ್ಪನೆ ಕೆಳಗೆ ಬಿದ್ದಿತು. ಬೂದಿ ಕೆಸರಾಯಿತು. ಮೇಸ್ತ್ರಿ ಕೈಯೆತ್ತಿದ. ಅವನು ಕೈ ಇಳಿಸುವ ಮೊದಲೇ ನೆಲ ಒಮ್ಮೆ ನಡುಗಿ, ಬೂದು ಬಣ್ಣದ ನೀರು ಆಳೆತ್ತರ ಎದ್ದು, ಅಲ್ಲಿಂದ ಲೈಟುಕಂಬದೆತ್ತರಕ್ಕೆ ಹೋಗಿ, ಬಿಸಿಲಿನಲ್ಲಿ ಬಿಳಿಯಾಗಿ ಬಿಚ್ಚಿಕೊಂಡಿತು.

ಏಳನೇ ಅಡ್ಡರಸ್ತೆಯಲ್ಲಿ ಅಷ್ಟು ಜನ ಸೇರಿ ಅಷ್ಟು ಮೌನವಾಗಿದ್ದದ್ದು ಆ ದಿನ ಮಾತ್ರ. ನೀರು ಅವರ ಮೇಲೆ ಬೀಳುತ್ತಿತ್ತು, ಯಾರೂ ಕದಲಲಿಲ್ಲ. ಬೂದಿ ಬಳಿದುಕೊಂಡಿದ್ದ ಮುಖಗಳ ಮೇಲೆ ಗೀರು ಗೀರಾಗಿ ಇಳಿದು ಒಬ್ಬೊಬ್ಬರ ಮುಖವನ್ನೂ ಮತ್ತೆ ಅವರವರಿಗೆ ಕೊಡುತ್ತಿತ್ತು. ಚನ್ನವೀರಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ತಲೆಯೆತ್ತಿ ನಿಂತಿದ್ದರು. ಕೊಡದ ಸಾಲಿನ ಒಡತಿ ಮುನಿತಾಯಮ್ಮ ಸಾಲನ್ನೂ ಕೊಡವನ್ನೂ ಮರೆತು ಎರಡು ಕೈಯನ್ನೂ ಜೋಡಿಸಿ ಹಣೆಗಿಟ್ಟುಕೊಂಡಿದ್ದಳು. ಚಿಕ್ಕಲಕ್ಷ್ಮಮ್ಮ ಅಳುತ್ತಿದ್ದಳು. ಬೆಟ್ಟಯ್ಯ ಎದ್ದು ನಿಂತಿದ್ದ. ಯಾವಾಗ ಎದ್ದನೆಂದು ಅವನಿಗೇ ತಿಳಿಯದು. ಇನ್ನೂರ ಮೂವತ್ತೆಂಟು ಅಡಿ ಕಲ್ಲಿನ ಕೆಳಗೆ, ಯಾರೂ ಓದದ, ಯಾರೂ ಬರೆಯದ ಒಂದು ಸಂಗತಿ ಇಷ್ಟು ವರ್ಷ ಸುಮ್ಮನೆ ಇತ್ತಲ್ಲ ಎಂದು ಅವನು ಬೆರಗಾಗಿ ನೋಡುತ್ತಿದ್ದ.

ದೊಡ್ಡಹನುಮಯ್ಯನವರು ನಿಧಾನವಾಗಿ ಅವನ ಪಕ್ಕಕ್ಕೆ ಬಂದು ನಿಂತರು. ಬೊಗಸೆಯೊಡ್ಡಿ ನೀರು ಹಿಡಿದು ಕುಡಿದು, ಉಳಿದದ್ದನ್ನು ತಲೆಯ ಮೇಲೆ ಹಾಕಿಕೊಂಡರು.

“ಆ ಪದ ಇನ್ನೊಂದ್ಕಿತ ಹೇಳಿ.”

“ಆಗರ್, ಗೌಡ್ರೆ.”

“ಬಾವಿ ಅಲ್ಲ ಅಂದ್ರಲ್ಲ. ಮತ್ತೆ ಅದು ಏನು?”

“ಕ್ರಿಯಾಪದ.”

“ಹಂಗಂದ್ರೆ?”

ಬೆಟ್ಟಯ್ಯ ಈ ಸಲ ಯೋಚಿಸಿ, ತನಗೆ ಗೊತ್ತಿದ್ದಷ್ಟನ್ನೇ ಹೇಳಿದ: “ಏನಾದ್ರೂ ಕೆಲಸ ಮಾಡೋ ಪದ.”

ದೊಡ್ಡಹನುಮಯ್ಯನವರು ತಲೆಯೆತ್ತಿ, ಇನ್ನೂ ಇಳಿಯದ ಆ ನೀರನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು.

“ಮಾಡ್ತಲ್ಲ,” ಎಂದರು.